ಕಣ್ಣಿಗೆ ಬಿದ್ದ ಮೇಲೆ ಜೆಲ್ ಆಗುವ ಹನಿ: ಪೊಲೊಕ್ಸಮರ್ 407 ದ್ರಾವಣ ತಯಾರಿಯ ಸಮಗ್ರ ಮಾರ್ಗದರ್ಶಿ

ಫ್ರಿಜ್‌ನಿಂದ ತೆಗೆದಾಗ ನೀರಿನ ಹಾಗೆ ಹರಿಯಬೇಕು, ಕಣ್ಣಿಗೆ ಬಿದ್ದ ಕೂಡಲೇ ಜೆಲ್ ಆಗಿ ನಿಲ್ಲಬೇಕು. ತಾಪಮಾನಕ್ಕೆ ಸ್ಪಂದಿಸುವ ಪಾಲಿಮರ್‌ನಿಂದ ಬೇಕಾಗಿರುವುದು ಇಷ್ಟೇ. ಆದರೆ ಎಂ.ಫಾರ್ಮ್ ಪ್ರಾಜೆಕ್ಟ್‌ಗಳಲ್ಲಿ ಒಂದೇ ಮೂರು ದೂರುಗಳು ಮತ್ತೆ ಮತ್ತೆ ಬರುತ್ತವೆ. ಪಾಲಿಮರ್ ಕರಗದೆ ಬೀಕರ್ ತಳದಲ್ಲಿ ಗಂಟು ಕಟ್ಟಿತು. ಮೇಜಿನ ಮೇಲಿಟ್ಟಾಗಲೇ ಗಟ್ಟಿಯಾಯಿತು. 37 ಡಿಗ್ರಿಯಲ್ಲಿ ಚೆನ್ನಾಗಿ ನಿಂತ ಜೆಲ್ ಕಣ್ಣೀರಿನ ದ್ರವ ಬೆರೆಸಿದ ತಕ್ಷಣ ಹರಿದುಹೋಯಿತು. ಮೂರಕ್ಕೂ ಕಾರಣ ಒಂದೇ: ಜೆಲ್ ಆಗುವ ತಾಪಮಾನ ಪಾಲಿಮರ್ ಒಂದರದೇ ಗುಣ ಎಂದುಕೊಳ್ಳುತ್ತೇವೆ. ಅದು ಬೀಕರ್‌ನಲ್ಲಿರುವ ಎಲ್ಲದರ ಒಟ್ಟು ಗುಣ. ಔಷಧ, ಉಪ್ಪು, ಬಫರ್, ಕೊನೆಗೆ ಕಣ್ಣೀರು ಕೂಡ ಅದನ್ನು ಜರುಗಿಸುತ್ತವೆ.

ಇಲ್ಲಿ ಉದಾಹರಣೆಗೆ ಗ್ಲಾಕೋಮಾಕ್ಕೆ ಬಳಸುವ ಟಿಮೊಲಾಲ್ ಔಷಧವನ್ನು ತೆಗೆದುಕೊಂಡಿದ್ದೇವೆ. ಬೇರೆ ಔಷಧವಾದರೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

## ಬೀಕರ್‌ನೊಳಗೆ ಏನಾಗುತ್ತದೆ

ಇಲ್ಲಿ ಬಳಸುವ ಪಾಲಿಮರ್ ಪೊಲೊಕ್ಸಮರ್. ಅದರ ಸರಪಳಿಯ ಎರಡೂ ತುದಿಗಳಲ್ಲಿ ನೀರನ್ನು ಇಷ್ಟಪಡುವ ಪಾಲಿಎಥಿಲೀನ್ ಆಕ್ಸೈಡ್, ನಡುವೆ ನೀರನ್ನು ಅಷ್ಟಾಗಿ ಒಪ್ಪದ ಪಾಲಿಪ್ರೊಪಿಲೀನ್ ಆಕ್ಸೈಡ್ ಇರುತ್ತದೆ. ಹೆಸರಿನ ಸಂಖ್ಯೆಯಲ್ಲೇ ಲೆಕ್ಕವಿದೆ. 407ರ ಮೊದಲ ಎರಡು ಅಂಕಿಗಳನ್ನು 100ರಿಂದ ಗುಣಿಸಿದರೆ ನಡುವಿನ ಭಾಗದ ಅಂದಾಜು ಅಣುತೂಕ 4000. ಕೊನೆಯ ಅಂಕಿಯನ್ನು 10ರಿಂದ ಗುಣಿಸಿದರೆ ತುದಿಗಳ ಪಾಲು ಶೇ. 70. ಹಾಗೆಯೇ 188 ಎಂದರೆ 1800 ಮತ್ತು ಶೇ. 80.

ತಣ್ಣಗಿದ್ದಾಗ ನಡುವಿನ ಭಾಗಕ್ಕೂ ನೀರು ಅಂಟಿಕೊಂಡಿರುವುದರಿಂದ ಇಡೀ ಸರಪಳಿ ಕರಗಿರುತ್ತದೆ. ಬಿಸಿಯಾದಂತೆ ಆ ನೀರು ಕಳಚಿಕೊಂಡು ನಡುವಿನ ಭಾಗಗಳು ಒಟ್ಟು ಸೇರುತ್ತವೆ, ಮೈಸೆಲ್‌ಗಳಾಗುತ್ತವೆ. ಮೈಸೆಲ್‌ಗಳು ಸಾಕಷ್ಟು ಹೆಚ್ಚಿ ಒಂದಕ್ಕೊಂದು ಒತ್ತಿ ನಿಂತು ಅಲುಗಾಡಲಾಗದ ಸ್ಥಿತಿಯೇ ಜೆಲ್. ಇಲ್ಲಿ ರಾಸಾಯನಿಕ ಬಂಧ ಒಂದೂ ಏರ್ಪಡುವುದಿಲ್ಲ. ಆದ್ದರಿಂದಲೇ ತಣಿಸಿದರೆ ಜೆಲ್ ಮತ್ತೆ ದ್ರವವಾಗುತ್ತದೆ, ನೀರು ಬೆರೆತರೆ ಸಡಿಲಾಗುತ್ತದೆ. ಮುಂದೆ ಬರುವ ಅರ್ಧಕ್ಕರ್ಧ ತಪ್ಪುಗಳ ಮೂಲ ಇಲ್ಲಿದೆ.

## ಬೇಕಾದ ವಸ್ತುಗಳು

100 ಗ್ರಾಂ ಬ್ಯಾಚ್‌ಗೆ ಮೊದಲ ಸೂತ್ರ ಹೀಗಿರಲಿ:

- ಟಿಮೊಲಾಲ್ ಮೇಲಿಯೇಟ್: 0.68 ಗ್ರಾಂ (ಟಿಮೊಲಾಲ್ ಲೆಕ್ಕದಲ್ಲಿ ಶೇ. 0.5)
- ಪೊಲೊಕ್ಸಮರ್ 407: 18 ಗ್ರಾಂ
- ಪೊಲೊಕ್ಸಮರ್ 188: ಮೊದಲ ಬ್ಯಾಚ್‌ಗೆ ಬೇಡ, ತಿದ್ದುವಾಗ ಬೇಕಾಗುತ್ತದೆ
- ಎಚ್‌ಪಿಎಂಸಿ ಕೆ4ಎಂ (ದ್ರವವನ್ನು ಮಂದಗೊಳಿಸುವ ಸೆಲ್ಯುಲೋಸ್ ಪಾಲಿಮರ್): 0.3 ಗ್ರಾಂ
- ಮ್ಯಾನಿಟಾಲ್: 2 ಗ್ರಾಂ
- ಸಂರಕ್ಷಕವಾಗಿ ಬೆಂಜಾಲ್ಕೋನಿಯಂ ಕ್ಲೋರೈಡ್: 0.01 ಗ್ರಾಂ (ಶೇ. 1ರ ದ್ರಾವಣ ಮಾಡಿಟ್ಟುಕೊಂಡು ಅದರಲ್ಲಿ 1 ಗ್ರಾಂ)
- ಶುದ್ಧೀಕರಿಸಿದ ನೀರು: ಒಟ್ಟು 100 ಗ್ರಾಂ ಆಗುವಷ್ಟು

ಎಲ್ಲವೂ ತೂಕಕ್ಕೆ ತೂಕದ ಲೆಕ್ಕ. ಪ್ರಮಾಣಿತ ಫ್ಲಾಸ್ಕ್‌ನಲ್ಲಿ 100 ಮಿ.ಲೀ. ಗುರುತಿನವರೆಗೆ ತುಂಬಿಸಲು ಹೊರಟರೆ ನೊರೆಯ ಕೆಳಗೆ ದ್ರವದ ಮಟ್ಟವೇ ಕಾಣುವುದಿಲ್ಲ. ಅಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಜೆಲ್ ತಾಪಮಾನವನ್ನು ಜರುಗಿಸುತ್ತದೆ.

ಸಲಕರಣೆಗಳಲ್ಲಿ ಎರಡಕ್ಕೆ ಜುಗ್ಗತನ ಬೇಡ: 0.1 ಡಿಗ್ರಿ ತೋರಿಸುವ ಡಿಜಿಟಲ್ ಪ್ರೋಬ್ ಥರ್ಮಾಮೀಟರ್ ಮತ್ತು ತಾಪಮಾನ ಸ್ಥಿರವಾಗಿ ಹಿಡಿಯುವ ವಾಟರ್ ಬಾತ್. ಉಳಿದದ್ದು ಎಲ್ಲ ಲ್ಯಾಬ್‌ಗಳಲ್ಲೂ ಇರುವಂಥದ್ದೇ: ತಕ್ಕಡಿ, ಮ್ಯಾಗ್ನೆಟಿಕ್ ಸ್ಟರರ್, ಪಿಎಚ್ ಮೀಟರ್, 4 ಡಿಗ್ರಿಯ ಫ್ರಿಜ್, ಧಾರಾಳವಾಗಿ ಐಸ್, ಚಪ್ಪಟೆ ತಳದ 10 ಮಿ.ಲೀ. ಗಾಜಿನ ವಯಲ್‌ಗಳು.

ಪೊಲೊಕ್ಸಮರ್ ಡಬ್ಬಿಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಲಾಟ್ ಬದಲಾದರೆ ಜೆಲ್ ತಾಪಮಾನವೂ ಸ್ವಲ್ಪ ಬದಲಾಗಬಹುದು. ಪ್ರಾಜೆಕ್ಟ್ ಮುಗಿಯುವವರೆಗೆ ಒಂದೇ ಲಾಟ್ ಬಳಸುವುದು ಒಳ್ಳೆಯದು.

## ಹಂತ 1: ಎಚ್‌ಪಿಎಂಸಿ ಮೊದಲು, ಅದೂ ಬಿಸಿಯಲ್ಲಿ

ಖಾಲಿ ಬೀಕರ್ ಮತ್ತು ಸ್ಟರರ್ ಬೀಡ್ ಎರಡನ್ನೂ ಸೇರಿಸಿ ತೂಗಿ ಬರೆದುಕೊಳ್ಳಿ. ಕೊನೆಯಲ್ಲಿ ತೂಕ ಸರಿದೂಗಿಸಲು ಈ ಅಂಕಿ ಬೇಕು. ಮರೆತರೆ ಬ್ಯಾಚ್ ಹೋದಂತೆಯೇ.

30 ಗ್ರಾಂ ನೀರನ್ನು 80 ಡಿಗ್ರಿಗೆ ಕಾಯಿಸಿ, ತಿರುಗುತ್ತಿರುವಾಗಲೇ ಎಚ್‌ಪಿಎಂಸಿ ಪುಡಿಯನ್ನು ಉದುರಿಸಿ. ಅದು ಬಿಸಿ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದಲೇ ಪ್ರತಿ ಕಣವೂ ಬಿಡಿಬಿಡಿಯಾಗಿ ಒದ್ದೆಯಾಗುತ್ತದೆ. ನಂತರ ಐಸ್‌ನಷ್ಟು ತಣ್ಣಗಿರುವ 30 ಗ್ರಾಂ ನೀರು ಹಾಕಿ ಬೀಕರನ್ನು ಐಸ್‌ನಲ್ಲಿಡಿ. ತಣಿಯುತ್ತಾ ಮಬ್ಬು ಹೋಗಿ ದ್ರಾವಣ ತಿಳಿಯಾಗುತ್ತದೆ.

ಪೊಲೊಕ್ಸಮರ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ತಣ್ಣನೆಯ ನೀರು. ಎರಡನ್ನೂ ಒಟ್ಟಿಗೆ ಸುರಿದರೆ ಒಂದಲ್ಲ ಒಂದು ಗಂಟು ಕಟ್ಟೇ ಕಟ್ಟುತ್ತದೆ.

## ಹಂತ 2: ಔಷಧ ಮತ್ತು ಪಿಎಚ್

ಔಷಧ, ಮ್ಯಾನಿಟಾಲ್, ಬೆಂಜಾಲ್ಕೋನಿಯಂ ದ್ರಾವಣ ಮೂರನ್ನೂ ಈಗಲೇ ಕರಗಿಸಿ. ಟಿಮೊಲಾಲ್ ಮೇಲಿಯೇಟ್ ದ್ರಾವಣ ಆಮ್ಲೀಯವಾಗಿರುತ್ತದೆ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಹನಿಹನಿಯಾಗಿ ಹಾಕಿ ಪಿಎಚ್ 6.8ರಿಂದ 7.0ರೊಳಗೆ ತನ್ನಿ. ಪೊಲೊಕ್ಸಮರ್ ಹಾಕಿದ ಮೇಲೆ ಈ ಕೆಲಸಕ್ಕೆ ಹೊರಟರೆ ಮಂದ ದ್ರವದಲ್ಲಿ ಎಲೆಕ್ಟ್ರೋಡ್ ನಿಧಾನವಾಗುತ್ತದೆ, ಕ್ಷಾರ ಬಿದ್ದ ಜಾಗದಲ್ಲೇ ನಿಲ್ಲುತ್ತದೆ, ಓದು ಅಲೆದಾಡುತ್ತಲೇ ಇರುತ್ತದೆ.

ಫಾಸ್ಫೇಟ್ ಬಫರ್ ಹಾಕಲೇಬೇಕೆಂದಿದ್ದರೆ ಅದರ ಪರಿಣಾಮ ತಿಳಿದಿರಲಿ. ಫಾಸ್ಫೇಟ್ ಆಗಲಿ ಸೋಡಿಯಂ ಕ್ಲೋರೈಡ್ ಆಗಲಿ ಪಾಲಿಮರ್‌ನಿಂದ ನೀರನ್ನು ಕಸಿದುಕೊಂಡು ಜೆಲ್ ತಾಪಮಾನವನ್ನು ಇಳಿಸುತ್ತವೆ. ಪ್ರೊಪಿಲೀನ್ ಗ್ಲೈಕಾಲ್, ಎಥನಾಲ್ ಅದನ್ನು ಏರಿಸುತ್ತವೆ. ಕಣ್ಣಿಗೆ ಹೊಂದುವ ಆಸ್ಮಾಟಿಕ್ ಒತ್ತಡಕ್ಕೆ ಉಪ್ಪಿನ ಬದಲು ಮ್ಯಾನಿಟಾಲ್ ಆರಿಸಿದ್ದು ಇದೇ ಕಾರಣಕ್ಕೆ. ಪಠ್ಯಪುಸ್ತಕದ ಸೋಡಿಯಂ ಕ್ಲೋರೈಡ್ ಸಮಾನಾಂಕದ ಲೆಕ್ಕದಲ್ಲಿ ಮ್ಯಾನಿಟಾಲ್ ನಾಲ್ಕೂವರೆ ಗ್ರಾಂ ದಾಟುತ್ತದೆ. ಆದರೆ ಆ ಲೆಕ್ಕ ಪೊಲೊಕ್ಸಮರ್ ಅನ್ನು ಪರಿಗಣಿಸುವುದಿಲ್ಲ. ಇಲ್ಲಿ 100 ಗ್ರಾಂನಲ್ಲಿ ನೀರಿರುವುದು 80 ಗ್ರಾಂ ಆಸುಪಾಸು ಮಾತ್ರ. 2 ಗ್ರಾಂನಿಂದ ಶುರುಮಾಡಿ, ಆಸ್ಮೋಮೀಟರ್‌ನಲ್ಲಿ ಅಳೆದು, 290 ಮಿಲಿಆಸ್ಮೋಲ್ ಸುತ್ತಮುತ್ತ ಬರುವಂತೆ ತಿದ್ದಿ.

## ಹಂತ 3: ಪೊಲೊಕ್ಸಮರ್ ಕರಗಿಸುವುದು

ಹೆಚ್ಚಿನ ಬ್ಯಾಚ್‌ಗಳು ಕೆಡುವುದು ಇಲ್ಲಿ, ಕೆಡಿಸುವುದು ಅವಸರ.

ಬೀಕರ್ ಐಸ್ ಟ್ರೇಯಲ್ಲಿರಲಿ, ದ್ರವ 5 ಡಿಗ್ರಿ ಆಸುಪಾಸಿನಲ್ಲಿರಲಿ. ಸ್ಟರರ್ ಪ್ಲೇಟ್ ಮೇಲೆ ಬೀಕರನ್ನು ನೇರವಾಗಿ ಇಡಬೇಡಿ. ಹೀಟರ್ ಆಫ್ ಆಗಿದ್ದರೂ ಮೋಟರ್‌ನ ಬಿಸಿಯೇ ಅರ್ಧ ಗಂಟೆಯಲ್ಲಿ ದ್ರವವನ್ನು ಬೆಚ್ಚಗೆ ಮಾಡಬಲ್ಲದು. ಸ್ಟರರ್ ವೇಗ ಕಡಿಮೆಯಿರಲಿ. ಮಧ್ಯದಲ್ಲಿ ಸುಳಿಯ ಗುಂಡಿ ಕಂಡರೆ ಅದು ಗಾಳಿಯನ್ನು ಒಳಗೆಳೆಯುತ್ತಿದೆ ಎಂದರ್ಥ. ಪೊಲೊಕ್ಸಮರ್ ಸಾಬೂನಿನಂತೆ ನೊರೆ ಎಬ್ಬಿಸುವ ಸರ್ಫ್ಯಾಕ್ಟಂಟ್ ಆದ್ದರಿಂದ ಹಾಗೆ ಎದ್ದ ನೊರೆ ಗಂಟೆಗಟ್ಟಲೆ ಇಳಿಯುವುದಿಲ್ಲ.

18 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ 20ರಿಂದ 30 ನಿಮಿಷದಲ್ಲಿ ಉದುರಿಸಿ. ಹಿಂದಿನ ಚಿಟಿಕೆ ಒದ್ದೆಯಾಗಿ ಮುಳುಗಿದ ಮೇಲೆಯೇ ಮುಂದಿನದು. ಬೆಚ್ಚಗಿನ ನೀರಿಗೆ ಒಮ್ಮೆಲೇ ಸುರಿದರೆ, ಕುದಿಯುವ ಎಸರಿಗೆ ರಾಗಿ ಹಿಟ್ಟನ್ನು ಗುಪ್ಪೆಯಾಗಿ ಹಾಕಿದಂತೆ, ಕಣದ ಹೊರಮೈ ಜೆಲ್ ಆಗಿ ಒಳಗೆ ಒಣ ಪುಡಿ ಉಳಿಯುತ್ತದೆ.

ಎಲ್ಲ ಹಾಕಿದ ಮೇಲೂ ದ್ರವ ಮಬ್ಬಾಗಿ, ಅಲ್ಲಲ್ಲಿ ಅರೆಪಾರದರ್ಶಕ ಉಂಡೆಗಳೊಂದಿಗೆ ಇರುತ್ತದೆ. ಹೆದರಬೇಕಾಗಿಲ್ಲ. ಸ್ಟರರ್ ನಿಲ್ಲಿಸಿ, ಬೀಕರ್ ಬಾಯಿ ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. 12ರಿಂದ 24 ಗಂಟೆ ಹಿಡಿಯುತ್ತದೆ. ಉಂಡೆಗಳು ತಾವಾಗಿ ಕರಗುತ್ತವೆ, ನೊರೆ ಇಳಿಯುತ್ತದೆ. ಮರುದಿನ ಬೆಳಕಿಗೆ ಹಿಡಿದಾಗ ದ್ರವದ ಆಚೆಗಿನ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಕರಗಿದೆ. ತಳದಲ್ಲಿ ಇನ್ನೂ ಉಂಡೆಯಿದ್ದರೆ ಐಸ್‌ನಲ್ಲೇ ನಿಧಾನವಾಗಿ ಅರ್ಧ ಗಂಟೆ ತಿರುಗಿಸಿ ಮತ್ತೆ ಫ್ರಿಜ್‌ಗೆ ಇಡಿ. ಕಾಯಿಸಿದರೆ ಬೇಗ ಕರಗೀತು ಎಂಬ ಆಸೆ ಬೇಡ, ಈ ಪಾಲಿಮರ್‌ಗೆ ಆ ಅಭ್ಯಾಸ ತಲೆಕೆಳಗು.

## ಹಂತ 4: ತೂಕ ಸರಿದೂಗಿಸುವುದು

ನೊರೆ ಪೂರ್ತಿ ಇಳಿದ ಮೇಲೆ ಬೀಕರ್ ಹೊರಮೈಯ ತೇವ ಒರೆಸಿ ತೂಗಿ. ಕಡಿಮೆಯಿರುವಷ್ಟು ತಣ್ಣನೆಯ ನೀರು ಸೇರಿಸಿ 100 ಗ್ರಾಂ ಮಾಡಿ, ನಿಧಾನವಾಗಿ ಬೆರೆಸಿ, ಪಿಎಚ್ ಮತ್ತೊಮ್ಮೆ ನೋಡಿ. ಹೊರಮೈಗೆ ಅಂಟಿದ ಐಸ್ ನೀರು ಒರೆಸದೆ ತೂಗಿದರೆ ಅಷ್ಟು ನೀರು ಒಳಗೆ ಕಡಿಮೆ ಬೀಳುತ್ತದೆ.

## ಹಂತ 5: ಜೆಲ್ ತಾಪಮಾನ ಅಳೆಯುವುದು

37 ಡಿಗ್ರಿ ಬಾತ್‌ನಲ್ಲಿ ವಯಲ್ ಮುಳುಗಿಸಿ "ಗಟ್ಟಿಯಾಯಿತು" ಎಂದು ಬರೆದರೆ ಅದು ಜೆಲ್ ತಾಪಮಾನವಲ್ಲ. ಆ ಬ್ಯಾಚ್ 22 ಡಿಗ್ರಿಯಲ್ಲೇ ಗಟ್ಟಿಯಾಗಿದ್ದಿರಬಹುದು. ಸರಿಯಾದ ವಿಧಾನ ಹೀಗೆ:

1. ತಣ್ಣಗಿರುವ ದ್ರಾವಣದ 2 ಮಿ.ಲೀ.ಯನ್ನು ಗುಳ್ಳೆ ಸೇರದಂತೆ ವಯಲ್ ಗೋಡೆಯ ಮೇಲೆ ಜಾರಿಸಿ ಹಾಕಿ, ಮುಚ್ಚಳ ಬಿಗಿ ಮಾಡಿ. ಇಂಥ ಮೂರು ವಯಲ್ ಇರಲಿ. ನಾಲ್ಕನೆಯದರಲ್ಲಿ ಅದೇ ದ್ರಾವಣ ಹಾಕಿ ಥರ್ಮಾಮೀಟರ್ ಪ್ರೋಬನ್ನು ಅದರೊಳಗೆ ಇಡಿ. ಬಾತ್ ತೋರಿಸುವ ಅಂಕಿಯನ್ನು ನಂಬಬೇಡಿ. ವಯಲ್ ಒಳಗಿನ ದ್ರವ ಯಾವಾಗಲೂ ಹಿಂದೆ ಇರುತ್ತದೆ.

2. ಬಾತ್ ಅನ್ನು 15 ಡಿಗ್ರಿಯಿಂದ ಶುರುಮಾಡಿ ಒಂದೊಂದು ಡಿಗ್ರಿ ಏರಿಸಿ. ಪ್ರತಿ ಮೆಟ್ಟಿಲಲ್ಲಿ 10 ನಿಮಿಷ ನಿಲ್ಲಿ.

3. ವಯಲ್ ತೆಗೆದು ತಕ್ಷಣ ಪೂರ್ತಿ ತಲೆಕೆಳಗು ಮಾಡಿ 30 ಸೆಕೆಂಡ್ ನೋಡಿ. ದ್ರವದ ಮೇಲ್ಮೈ ಕದಲದೆ ನಿಂತರೆ ಅದೇ ಜೆಲ್ ತಾಪಮಾನ. ಹರಿಯುವುದು ನಿಧಾನವಾಗುತ್ತಾ ಬಂದಾಗ ಮೆಟ್ಟಿಲನ್ನು ಅರ್ಧ ಡಿಗ್ರಿಗೆ ಇಳಿಸಿ.

4. ಹಾಗೆಯೇ ತಣಿಸುತ್ತಾ ಬಂದು, ಮತ್ತೆ ಹರಿಯಲು ತೊಡಗುವ ತಾಪಮಾನವನ್ನೂ ಬರೆದುಕೊಳ್ಳಿ. ಹರಿಯದೇ ಹೋದರೆ ನೀವು ನೋಡುತ್ತಿರುವುದು ಪೊಲೊಕ್ಸಮರ್ ಜೆಲ್ ಅಲ್ಲ, ಬೇರೇನೋ ಒತ್ತರಿಸಿದೆ (ದ್ರಾವಣದಿಂದ ಬೇರ್ಪಟ್ಟು ಘನವಾಗಿದೆ).

ಗುಳ್ಳೆ ತುಂಬಿದ ಮಾದರಿ ಮೋಸ ಮಾಡುತ್ತದೆ. ನೊರೆ ತಾನೇ ಬಿಗಿಯಾಗಿ ನಿಲ್ಲುವುದರಿಂದ ಜೆಲ್ ಆಗುವ ಮೊದಲೇ ಹರಿವು ನಿಂತಂತೆ ಕಾಣುತ್ತದೆ.

ದ್ರವದ ಹರಿವಿನ ಗುಣ ಅಳೆಯುವ ರಿಯೋಮೀಟರ್ ಸಿಗುವಂತಿದ್ದರೆ ಬಳಸಿ. ತಟ್ಟೆಯನ್ನು ಮೊದಲೇ 10 ಡಿಗ್ರಿಗೆ ತಣಿಸಿ ಮಾದರಿ ಹಾಕಿ, ಅಂಚಿಗೆ ತೆಳುವಾದ ಪ್ಯಾರಾಫಿನ್ ಎಣ್ಣೆ ಸುರಿದು ನೀರು ಆವಿಯಾಗದಂತೆ ನೋಡಿಕೊಳ್ಳಿ. 1 ಹರ್ಟ್ಸ್ ಆವರ್ತನದಲ್ಲಿ ನಿಮಿಷಕ್ಕೆ 1 ಡಿಗ್ರಿ ಏರಿಸುತ್ತಾ ಹೋದಾಗ ಸ್ಟೋರೇಜ್ ಮಾಡ್ಯುಲಸ್ (ಘನದಂಥ ಗುಣ) ಗೆರೆ ಲಾಸ್ ಮಾಡ್ಯುಲಸ್ (ದ್ರವದಂಥ ಗುಣ) ಗೆರೆಯನ್ನು ದಾಟುವ ಜಾಗ ಸಿಗುತ್ತದೆ. ಇದು ವಯಲ್ ವಿಧಾನದ ಅಂಕಿಗೆ ತಾಳೆಯಾಗದಿರಬಹುದು, ಎರಡೂ ಅಳೆಯುವುದು ಬೇರೆ ಬೇರೆ ಸಂಗತಿ. ವರದಿಯಲ್ಲಿ ಯಾವ ವಿಧಾನ, ಎಷ್ಟು ವೇಗ ಎಂದು ಬರೆಯದೆ ಅಂಕಿ ಮಾತ್ರ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

## ಹಂತ 6: ಕಣ್ಣೀರು ಬೆರೆಸಿ ಮತ್ತೆ ಅಳೆಯುವುದು

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ಸೂತ್ರ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಇಲ್ಲಿಯೇ. ಕಣ್ಣಿನ ಮೇಲ್ಮೈ 34 ಡಿಗ್ರಿ ಸುಮಾರಿಗೆ ಇರುತ್ತದೆ, 37 ಅಲ್ಲ. ಕಣ್ಣಲ್ಲಿ ಸದಾ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್, ಒಂದು ಹನಿ ಸುಮಾರು 40 ಮೈಕ್ರೋಲೀಟರ್. ಅಂದರೆ ಹನಿ ಬಿದ್ದ ಕ್ಷಣವೇ ಪಾಲಿಮರ್ ಶೇ. 18ರಿಂದ 15ರ ಹತ್ತಿರಕ್ಕೆ ಇಳಿಯುತ್ತದೆ. ಆ ಸಾಂದ್ರತೆಯಲ್ಲಿ ಜೆಲ್ ಆಗುವುದೇ ಅನುಮಾನ.

ಕೃತಕ ಕಣ್ಣೀರಿಗೆ ಸೋಡಿಯಂ ಕ್ಲೋರೈಡ್ 0.67 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 0.20 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.008 ಗ್ರಾಂ ತೆಗೆದುಕೊಂಡು ನೀರಿನಿಂದ 100 ಗ್ರಾಂ ಮಾಡಿ. ದ್ರಾವಣ 4.0 ಮಿ.ಲೀ., ಕೃತಕ ಕಣ್ಣೀರು 0.7 ಮಿ.ಲೀ., ಎರಡನ್ನೂ ಐಸ್‌ನಲ್ಲಿ ತಣ್ಣಗಿರುವಾಗಲೇ ಬೆರೆಸಿ ಹಂತ 5ನ್ನು ಪೂರ್ತಿ ಮತ್ತೆ ಮಾಡಿ. ಬೆಚ್ಚಗಿರುವಾಗ ಬೆರೆಸಿದರೆ ಜೆಲ್ ತುಂಡುಗಳ ನಡುವೆ ನೀರು ನಿಂತು ಅಳತೆ ಸುಳ್ಳಾಗುತ್ತದೆ.

ಗುರಿ ಇಷ್ಟು: ಕಣ್ಣೀರು ಬೆರೆಸದೆ ಕನಿಷ್ಠ 26–28 ಡಿಗ್ರಿಯವರೆಗೆ ದ್ರವವಾಗಿರಬೇಕು, ಬೆರೆಸಿದ ಮೇಲೆ 34ರ ಒಳಗೆ ಜೆಲ್ ಆಗಬೇಕು. 407 ಒಂದನ್ನೇ ಏರಿಳಿಸಿ ಎರಡನ್ನೂ ಸಾಧಿಸುವುದು ಬಹಳ ಕಷ್ಟ. ಹೆಚ್ಚಿಸಿದರೆ ಬಾಟಲಿಯಲ್ಲೇ ಗಟ್ಟಿ, ಕಡಿಮೆ ಮಾಡಿದರೆ ಕಣ್ಣಲ್ಲಿ ನೀರು. ದಾರಿ ಪೊಲೊಕ್ಸಮರ್ 188ರಲ್ಲಿದೆ. 407 ಅನ್ನು 20–21 ಗ್ರಾಂಗೆ ಏರಿಸಿ, 188 ಅನ್ನು 5ರಿಂದ 10 ಗ್ರಾಂ ನಡುವೆ ಸೇರಿಸುತ್ತಾ ನೋಡಿ. ಬೆರೆಸದ ದ್ರಾವಣದ ಜೆಲ್ ತಾಪಮಾನ ಮೇಲೇರುತ್ತದೆ, ಬೆರೆಸಿದ ಮೇಲೂ ಜೆಲ್ ಆಗುವಷ್ಟು ಪಾಲಿಮರ್ ಉಳಿಯುತ್ತದೆ. 20 ಗ್ರಾಂನ ಸಣ್ಣ ಬ್ಯಾಚ್‌ಗಳಲ್ಲಿ, ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸುತ್ತಾ ಹೋಗಿ. ಪಾಲಿಮರ್ ಹೆಚ್ಚಾದಂತೆ ಆಸ್ಮಾಟಿಕ್ ಒತ್ತಡವೂ ಏರುವುದರಿಂದ ಮ್ಯಾನಿಟಾಲ್ ಅನ್ನು ಮತ್ತೆ ತಿದ್ದಬೇಕಾಗುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯ ತಾಪಮಾನವೇ ಕಣ್ಣಿನ ಮೇಲ್ಮೈಯನ್ನು ಮೀರುತ್ತದೆ. ಅಲ್ಲಿ ಯಾವ ಸೂತ್ರವೂ ಕಪಾಟಿನಲ್ಲಿ ದ್ರವವಾಗಿ ಉಳಿಯದು. ಸಂಗ್ರಹ 2ರಿಂದ 8 ಡಿಗ್ರಿ ಎಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಬಾಟಲಿಯಲ್ಲಿ ಜೆಲ್ ಆಗಿದ್ದರೆ ಹಿಂಡಬಾರದು, ಫ್ರಿಜ್‌ನಲ್ಲಿಟ್ಟು ದ್ರವವಾದ ಮೇಲೆಯೇ ಬಳಸಬೇಕು ಎಂಬುದನ್ನೂ ಸೇರಿಸಿ.

## ಹಂತ 7: ಕ್ರಿಮಿಶುದ್ಧಿ

ಎಚ್‌ಪಿಎಂಸಿ ಇರುವ ದ್ರಾವಣ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಆಟೊಕ್ಲೇವ್‌ನಲ್ಲಿ 121 ಡಿಗ್ರಿ, 15 ನಿಮಿಷ ಇಡಬಹುದು. ವಯಲ್‌ಗಳನ್ನು ಹಾಕುವ ಮೊದಲು, ತೆಗೆದ ಮೇಲೆ ಎರಡೂ ಸಲ ತೂಗಿ. ನೀರು ಹೋಗಿದ್ದರೆ ಜೆಲ್ ತಾಪಮಾನ ಇಳಿದಿರುತ್ತದೆ. ಹೊರಬಂದಾಗ ಮಬ್ಬು ಅಥವಾ ಪದರ ಕಂಡರೆ ಗಾಬರಿ ಬೇಡ. ಐಸ್‌ನಲ್ಲಿಟ್ಟು ಪೂರ್ತಿ ತಣಿಸಿ, ಆಮೇಲೆ ಮೆಲ್ಲನೆ ಅಲುಗಿಸಿ. ಬಿಸಿಯಲ್ಲೇ ಕುಲುಕಿದರೆ ತಣಿಯುವ ದಾರಿಯಲ್ಲಿ ಜೆಲ್ ಸ್ಥಿತಿ ಹಾದುಹೋಗುವಾಗ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಔಷಧದ ಪ್ರಮಾಣ, ಪಿಎಚ್, ಜೆಲ್ ತಾಪಮಾನ ಮೂರನ್ನೂ ಆಟೊಕ್ಲೇವ್ ನಂತರ ಮತ್ತೆ ಪರೀಕ್ಷಿಸಿ.

ಬಿಸಿ ತಡೆಯದ ಔಷಧವಾದರೆ ಪಾಲಿಮರ್ ದ್ರಾವಣವನ್ನು ಆಟೊಕ್ಲೇವ್ ಮಾಡಿ, ಔಷಧದ ದ್ರಾವಣವನ್ನು ಬೇರೆಯಾಗಿ ಫಿಲ್ಟರ್ ಮಾಡಿ ಲ್ಯಾಮಿನಾರ್ ಹುಡ್‌ನಲ್ಲಿ ಸೇರಿಸಿ. ಎಚ್‌ಪಿಎಂಸಿ ಇಲ್ಲದ ಸೂತ್ರವನ್ನು ನೇರವಾಗಿ ಫಿಲ್ಟರ್ ಮಾಡುವುದಾದರೆ ಸಿರಿಂಜ್, ಫಿಲ್ಟರ್ ಎರಡನ್ನೂ ಮೊದಲೇ ಫ್ರಿಜ್‌ನಲ್ಲಿಡಿ. ಇಲ್ಲದಿದ್ದರೆ ಕೈಯ ಬಿಸಿಗೇ ಫಿಲ್ಟರ್ ಒಳಗೆ ಜೆಲ್ ಆಗಿ ಕಟ್ಟಿಕೊಳ್ಳುತ್ತದೆ.

## ಹಂತ 8: ಔಷಧ ಬಿಡುಗಡೆ ಅಳೆಯುವುದು

ಡಯಾಲಿಸಿಸ್ ಚೀಲದಲ್ಲಿ ಜೆಲ್ ಕಟ್ಟಿ ಬೀಕರ್‌ಗೆ ಇಳಿಬಿಟ್ಟು "8 ಗಂಟೆ ನಿಧಾನ ಬಿಡುಗಡೆ" ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಪೊರೆಯ ಮೂಲಕ ನೀರು ಒಳಬಂದು ಜೆಲ್ ತೆಳುವಾಗುತ್ತದೆ, ಕೊನೆಗೆ ಔಷಧವನ್ನು ತಡೆಯುತ್ತಿರುವುದು ಪೊರೆಯೇ ಹೊರತು ಜೆಲ್ ಅಲ್ಲ. ಇದನ್ನು ಬಯಲು ಮಾಡುವ ಕಂಟ್ರೋಲ್ ಸುಲಭ. ಜೆಲ್ ಇಲ್ಲದ, ಅಷ್ಟೇ ಔಷಧವಿರುವ ನೀರಿನ ದ್ರಾವಣವನ್ನು ಅದೇ ಪೊರೆಯಲ್ಲಿ ಹಾಕಿ. ಎರಡರ ಗೆರೆಗಳೂ ಒಂದರ ಮೇಲೊಂದು ಬಂದರೆ ಜೆಲ್ ಏನೂ ಮಾಡುತ್ತಿಲ್ಲ.

ಪೊರೆಯಿಲ್ಲದ ವಿಧಾನ ನಿಜಕ್ಕೆ ಹತ್ತಿರ. ತೂಕ ಗೊತ್ತಿರುವ ವಯಲ್‌ನಲ್ಲಿ 2 ಗ್ರಾಂ ದ್ರಾವಣವನ್ನು 34 ಡಿಗ್ರಿಯಲ್ಲಿ ಜೆಲ್ ಮಾಡಿ, ಅದೇ ತಾಪಮಾನದ 2 ಮಿ.ಲೀ. ಕೃತಕ ಕಣ್ಣೀರನ್ನು ಮೇಲೆ ಮೆಲ್ಲಗೆ ಹಾಕಿ, ನಿಧಾನವಾಗಿ ಅಲುಗಿಸುವ ಬಾತ್‌ನಲ್ಲಿಡಿ. ನಿಗದಿತ ಸಮಯಕ್ಕೊಮ್ಮೆ ಮೇಲಿನ ದ್ರವ ಪೂರ್ತಿ ಬಸಿದು, ವಯಲ್ ತೂಗಿ, ಹೊಸ ದ್ರವ ಹಾಕಿ. ಎಷ್ಟು ಜೆಲ್ ಕರಗಿತು, ಎಷ್ಟು ಔಷಧ ಬಂತು ಎರಡೂ ಒಟ್ಟಿಗೆ ಸಿಗುತ್ತವೆ. ಟಿಮೊಲಾಲ್ ಮೇಲಿಯೇಟ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಎರಡೂ ಗೆರೆಗಳು ಜೊತೆಜೊತೆಗೆ ಸಾಗುತ್ತವೆ. ಪೊಲೊಕ್ಸಮರ್ ಜೆಲ್ ಕೊಡುವ ಅವಧಿ ಗಂಟೆಗಳದು, ದಿನಗಳದ್ದಲ್ಲ. ದಿನಗಟ್ಟಲೆ ಬಿಡುಗಡೆ ಬಂದರೆ ಮೊದಲು ನಿಮ್ಮ ವಿಧಾನವನ್ನೇ ಅನುಮಾನಿಸಿ.

ಬಂದ ಔಷಧವನ್ನು ಅಳೆಯಲು 294 ನ್ಯಾನೊಮೀಟರ್ ಸುಮಾರಿನಲ್ಲಿ ಯುವಿ ಓದುವಾಗ ಬ್ಲಾಂಕ್ (ಹೋಲಿಕೆಯ ಶೂನ್ಯ ಮಾದರಿ) ಆಗಿ ಬರೀ ಕೃತಕ ಕಣ್ಣೀರು ಸಾಲದು. ಔಷಧ ಮಾತ್ರ ಇಲ್ಲದ, ಉಳಿದೆಲ್ಲ ಇರುವ ಜೆಲ್‌ನ ದ್ರವ ಬೇಕು. ಪೊಲೊಕ್ಸಮರ್‌ಗೆ ಉತ್ಪಾದಕರು ಆಕ್ಸಿಡೀಕರಣ ತಡೆಯುವ ಬಿಎಚ್‌ಟಿ ಸೇರಿಸಿರುವುದುಂಟು, ಅದೂ ಆ ಪ್ರದೇಶದ ಬೆಳಕನ್ನು ಹೀರುತ್ತದೆ.

## ಎಚ್ಚರಿಕೆಯ ಚಿಹ್ನೆಗಳು

ತಣ್ಣಗಿದ್ದಾಗಲೂ ಮಬ್ಬು. ಕರಗದ ಪಾಲಿಮರ್ ಇರಬಹುದು, ಇಲ್ಲವೇ ಹೊಂದಿಕೆಯಾಗದ ವಸ್ತು. ಅಂಟು ಗುಣಕ್ಕಾಗಿ ಕಾರ್ಬೊಪಾಲ್ ಎಂಬ ಆಮ್ಲೀಯ ಪಾಲಿಮರ್ ಸೇರಿಸಿದ್ದರೆ ಕಡಿಮೆ ಪಿಎಚ್‌ನಲ್ಲಿ ಅದರ ಆಮ್ಲ ಗುಂಪುಗಳು ಪೊಲೊಕ್ಸಮರ್‌ನ ತುದಿಗಳ ಜೊತೆ ಹೈಡ್ರೋಜನ್ ಬಂಧ ಬೆಸೆದು ಒತ್ತರಿಸುತ್ತವೆ. ಕಾರ್ಬೊಪಾಲ್ ಋಣ ವಿದ್ಯುದಂಶದ್ದು, ಬೆಂಜಾಲ್ಕೋನಿಯಂ ಧನ. ಅವೆರಡನ್ನು ಒಟ್ಟಿಗೆ ಹಾಕುವುದೂ ತಪ್ಪು.

ಸಂರಕ್ಷಕ ಪರೀಕ್ಷೆಯಲ್ಲಿ ಸೋಲು. ಪ್ಯಾರಾಬೆನ್‌ನಂಥವು ಮೈಸೆಲ್ ಒಳಗೆ ಸೇರಿಕೊಂಡು ನೀರಿನಲ್ಲಿ ಬಿಡಿಯಾಗಿ ಉಳಿಯುವುದು ಕಡಿಮೆ. ಸೂತ್ರದಲ್ಲಿ ಎಷ್ಟು ಹಾಕಿದ್ದೀರಿ ಎಂಬುದು ಸೂಕ್ಷ್ಮಜೀವಿಗಳಿಗೆ ಲೆಕ್ಕಕ್ಕಿಲ್ಲ. ಸಿದ್ಧ ಜೆಲ್‌ನಲ್ಲೇ ಪರೀಕ್ಷಿಸಬೇಕು.

ಇಟ್ಟಂತೆ ಪಿಎಚ್ ಇಳಿಯುವುದು. ಪಾಲಿಮರ್ ಆಕ್ಸಿಡೀಕರಣಗೊಂಡು ಆಮ್ಲಗಳು ಹುಟ್ಟುತ್ತಿವೆ. ಬೆಳಕು, ಗಾಳಿ ತಾಗಿದ ಹಳೆಯ ಡಬ್ಬಿಯ ಪುಡಿಯಲ್ಲಿ ಇದು ಬೇಗ ಕಾಣುತ್ತದೆ.

ಒಂದೇ ಸೂತ್ರ, ಬೇರೆ ಬೇರೆ ಜೆಲ್ ತಾಪಮಾನ. ಮೊದಲು ತೂಕದ ದಾಖಲೆ, ನಂತರ ಲಾಟ್ ಸಂಖ್ಯೆ, ನಂತರ ಬಾತ್ ಏರಿಸಿದ ವೇಗ ನೋಡಿ. ಇದೇ ಕ್ರಮದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಮೊದಲ ಎರಡರಲ್ಲೇ ಉತ್ತರ ಸಿಗುತ್ತದೆ.

## ಕಣ್ಣಿಗೆ ಹೋಗುವ ಮೊದಲು

ಲ್ಯಾಬ್‌ನಲ್ಲಿ ತಯಾರಾದದ್ದನ್ನು ನಿಮ್ಮ ಕಣ್ಣಿಗೂ ಗೆಳೆಯರ ಕಣ್ಣಿಗೂ ಒಂದು ಹನಿ ಕೂಡ ಹಾಕಬೇಡಿ. ಕ್ರಿಮಿಶುದ್ಧಿಯಲ್ಲಿ ಸಣ್ಣ ಲೋಪವಾದರೂ ಕಾರ್ನಿಯಾ ಸೋಂಕಾಗಿ ದೃಷ್ಟಿಯೇ ಹೋಗಬಹುದು. ಟಿಮೊಲಾಲ್ ಕಣ್ಣಿನಿಂದಲೂ ರಕ್ತ ಸೇರುವ ಬೀಟಾ ಬ್ಲಾಕರ್. ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ಕಿರಿಕಿರಿಯ ಮೊದಲ ಪರೀಕ್ಷೆಯನ್ನು ಫಲಿತ ಕೋಳಿಮೊಟ್ಟೆಯ ಪೊರೆಯ ಮೇಲೆ ಮಾಡಬಹುದು. ಮೊಲಗಳ ಮೇಲೆ ಮಾಡುವುದಾದರೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಸಮಿತಿ) ನೋಂದಣಿಯಿರುವ ಸಂಸ್ಥೆಯಲ್ಲಿ, ಅಲ್ಲಿನ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲೆಯೇ. ನೈತಿಕ ಸಮಿತಿಗೆ ಅರ್ಜಿ ಹಾಕುವಾಗ ಹಂತ 5 ಮತ್ತು 6ರ ಅಂಕಿಗಳು, ಆಸ್ಮಾಟಿಕ್ ಒತ್ತಡ, ಪಿಎಚ್, ಕ್ರಿಮಿಶುದ್ಧಿ ಪರೀಕ್ಷೆಯ ಫಲಿತಾಂಶ ಇಷ್ಟನ್ನು ಲಗತ್ತಿಸಿ. ಇವು ಸಿದ್ಧವಾಗದಿದ್ದರೆ ಅರ್ಜಿಯನ್ನು ತಡೆಹಿಡಿಯುವುದೇ ಸರಿ.